ಬಸಿದ ನೀರಿನ ಬೆಲೆ

ಬರದ ಸೀಮೆಯಲ್ಲಿ ನೀರನ್ನು ವ್ಯರ್ಥವಾಗಿ ಚೆಲ್ಲಬಾರದೆಂಬ ನಿಯಮವು ಕೆರೆಬಾವಿಗಳ ದಡದಲ್ಲಿ ಮಾತ್ರವಲ್ಲ, ಒಲೆಯ ಮುಂದೆಯೂ ಬೆಳೆದುಬಂದಿರುತ್ತದೆ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ಕನ್ನಡನಾಡಿನಲ್ಲಿ ಅತ್ಯಲ್ಪ ಮಳೆಯನ್ನು ಕಾಣುವ ಪ್ರದೇಶಗಳಲ್ಲಿ ಸೇರಿದವು. ಅಲ್ಲಿಯ ಗೃಹಿಣಿಯು ಹುರುಳಿಯನ್ನೂ ಸೊಪ್ಪನ್ನೂ ಬೇಯಿಸಿ ಬಸಿದ ನೀರನ್ನು ಬಚ್ಚಲಿಗೆ ಸುರಿಯುವುದಿಲ್ಲ. ಆ ನೀರಿಗೆ ಕಟ್ಟು ಎಂದು ಹೆಸರು, ಅದರಿಂದಾಗುವುದೇ ಬಸ್ಸಾರು.

ಈಚಿನ ವರ್ಷಗಳಲ್ಲಿ ವಿದ್ಯಾವಂತರ ಮನೆಗಳಿಗೆ ಇಟಲಿಯ ಮಿನೆಸ್ಟ್ರೋನೆ ಎಂಬ ತರಕಾರಿಯ ಸಾರು ಪರಿಚಿತವಾಗಿದೆ. ಕಾಳು, ಈರುಳ್ಳಿ, ಗಜ್ಜರಿ, ಎಲೆಕೋಸು, ಆಯಾ ಋತುವಿನ ಸೊಪ್ಪು ಇವುಗಳನ್ನು ಒಂದೇ ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸಿ, ಅಕ್ಕಿಯನ್ನೋ ಪಾಸ್ತವನ್ನೋ ಕೂಡಿಸಿ ಬಡಿಸುವುದು ಅಲ್ಲಿಯ ಪದ್ಧತಿ. ಅದು ಅರಮನೆಯ ಅಡಿಗೆಯಲ್ಲ. ಹಿತ್ತಿಲಲ್ಲಿ ಇದ್ದುದನ್ನು ಹೊಂದಿಸಿಕೊಂಡ ಒಕ್ಕಲುಮಕ್ಕಳ ಅಡಿಗೆ. ಅದನ್ನು ಮೆಚ್ಚುವುದರಲ್ಲಿ ದೋಷವೇನೂ ಇಲ್ಲ. ಆದರೆ ಅದನ್ನು ಮೆಚ್ಚಿ ಮಾಡಿದ ಕೈಯೇ ಮರುದಿನ ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ, ವಿಷಯವು ಸ್ವಲ್ಪ ವಿಚಾರಾರ್ಹವಾಗುತ್ತದೆ.

ಸಂಸ್ಕೃತದ ಸೂಪವೂ ಇಂಗ್ಲಿಷಿನ ಸೂಪ್ ಎಂಬುದೂ ಒಂದೇ ಶಬ್ದವೆಂದು ಹಲವರು ತಿಳಿಯುವುದುಂಟು. ಆ ಸಂಬಂಧವು ಖಚಿತವಲ್ಲ. ಖಚಿತವಾದ ಬಾಂಧವ್ಯವು ಬೇರೆಡೆಯಲ್ಲಿದೆ. ಕಾಳನ್ನು ಬೇಯಿಸಿ ತೆಗೆದ ರಸವನ್ನು ಆಯುರ್ವೇದವು ಯೂಷವೆಂದು ಕರೆಯುತ್ತದೆ. ಕುಲತ್ಥಯೂಷವೆಂದರೆ ಹುರುಳಿಯ ಕಟ್ಟೇ. ಇಟಾಲಿಯನ್ ನುಡಿಯ ತಾಯಿಯಾದ ಲ್ಯಾಟಿನ್ ಭಾಷೆಯಲ್ಲಿ ಸಾರಿಗೆ ಯೂಸ್ ಎಂದು ಹೆಸರು. ಈ ಎರಡು ಶಬ್ದಗಳು ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಕಾಳಿನ ಪ್ರಾಚೀನತೆಯೂ ಕಡಿಮೆಯಲ್ಲ. ಮೊಳಕಾಲ್ಮುರಿನ ನೆರೆಯ ಬಳ್ಳಾರಿ ಜಿಲ್ಲೆಯ ಸಂಗನಕಲ್ಲಿನ ಉತ್ಖನನದಲ್ಲಿ 3,000 ವರ್ಷಗಳಿಗೂ ಹಿಂದಿನ ಹುರುಳಿಕಾಳುಗಳು ದೊರೆತಿವೆ. ಮಿನೆಸ್ಟ್ರೋನೆಯ ಟೊಮ್ಯಾಟೊ, ಬಸ್ಸಾರಿನ ಮೆಣಸಿನಕಾಯಿ ಎರಡೂ 1492ರ ತರುವಾಯ ಅಮೆರಿಕದಿಂದ ಹೊರಟುಬಂದ ಅತಿಥಿಗಳು. ಹುರುಳಿಯಾದರೋ ಮನೆಯ ಹಿರಿಯ.

ಐವರಿಗೆ ಬೇಕಾದ ಸಾರಿಗೆ 200 ಗ್ರಾಂ ಹುರುಳಿಯನ್ನು ಕಲ್ಲು ಆರಿಸಿ ತೊಳೆದು ಹಿಂದಿನ ರಾತ್ರಿಯೇ ನೆನೆಯಿಡತಕ್ಕದ್ದು. ಇದರಿಂದ ಉರುವಲು ಉಳಿಯುತ್ತದೆ. ಮರುದಿನ ಸುಮಾರು 2 ಲೀಟರು ನೀರಿನಲ್ಲಿ ಕಾಳು ಮೆತ್ತಗಾಗುವವರೆಗೆ ಬೇಯಿಸಿ, 500 ಗ್ರಾಂ ಹೆಚ್ಚಿದ ಸೊಪ್ಪನ್ನೂ ಉಪ್ಪನ್ನೂ ಹಾಕಿ, ಸೊಪ್ಪು ಬೆಂದ ಕೂಡಲೇ ಕಟ್ಟನ್ನು ಬಸಿದುಕೊಳ್ಳಬೇಕು. ಕೆಂಡದಲ್ಲಿ ಸುಟ್ಟ ಈರುಳ್ಳಿ ಒಂದು, ಬೆಳ್ಳುಳ್ಳಿ ಎಂಟು ಹತ್ತು ಎಸಳು, ಹುರಿದ ಒಣಮೆಣಸಿನಕಾಯಿ ಐದಾರು, ಕೊತ್ತಂಬರಿ ಬೀಜ, ಜೀರಿಗೆ, ಒಂದು ಹಿಡಿ ಕಾಯಿತುರಿ, ಸ್ವಲ್ಪ ಹುಣಿಸೆಹಣ್ಣು, ಇವುಗಳೊಡನೆ ಬೆಂದ ಕಾಳುಸೊಪ್ಪು ಒಂದು ಹಿಡಿಯನ್ನೂ ಸೇರಿಸಿ ನುಣ್ಣಗೆ ಅರೆಯಬೇಕು. ಈ ಹಿಡಿ ಕಾಳೇ ಸಾರಿಗೆ ಮೈಕಟ್ಟು ಕೊಡುವುದು. ಅರೆದುದನ್ನು ಕಟ್ಟಿನಲ್ಲಿ ಕದಡಿ ಕುದಿಸಿ, ಚಳ್ಳಕೆರೆಯ ಗಾಣಗಳಿಗೆ ಹೆಸರು ತಂದ ಶೇಂಗಾ ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟರೆ ಸಾರು ಸಿದ್ಧ. ಉಳಿದ ಕಾಳುಸೊಪ್ಪು ಒಗ್ಗರಣೆಯೊಡನೆ ಪಲ್ಯವಾಗುತ್ತದೆ. ಇಟಲಿಯ ಪಾತ್ರೆಯಲ್ಲಿ ಎಲ್ಲವೂ ಕೂಡಿಯೇ ಉಳಿಯುತ್ತವೆ; ಇಲ್ಲಿ ಸಾರೂ ಪಲ್ಯವೂ ಅಗಲಿ, ರಾಗಿಮುದ್ದೆಯ ಪಕ್ಕದಲ್ಲಿ ಪುನಃ ಸೇರುತ್ತವೆ.

ದುಡಿಯುವವರ ಮನೆಗೆ ಇದಕ್ಕಿಂತ ಅನುಕೂಲವಾದ ಅಡಿಗೆ ಅಪರೂಪ. ಮೊಳಕಾಲ್ಮುರಿನ ರೇಷ್ಮೆ ನೇಕಾರನು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತಿರುವಾಗ, ಮನೆಯಾಕೆ ಕಾಳನ್ನು ಒಲೆಯ ಮೇಲಿಟ್ಟು ಕಂಡಿಕೆ ಸುತ್ತಬಲ್ಲಳು. ಗಳಿಗೆಗೊಮ್ಮೆ ಸೌದೆ ಮುಂದೂಡಿದರೆ ಸಾಕು. ರಾತ್ರಿ ಉಳಿದ ಸಾರು ಬೆಳಿಗ್ಗೆ ಮತ್ತೆ ಕುದಿದು ಹೆಚ್ಚು ರುಚಿಯಾಗುತ್ತದೆ. ಇಟಲಿಯ ತೊಸ್ಕಾನ ಸೀಮೆಯಲ್ಲಿಯೂ ಉಳಿದ ತರಕಾರಿ ಸಾರಿಗೆ ಹಳೆಯ ರೊಟ್ಟಿ ಸೇರಿಸಿ ಕುದಿಸುವ ರೂಢಿಯುಂಟು. ರಿಬೊಲ್ಲಿತಾ ಎಂಬ ಅದರ ಹೆಸರಿಗೆ ಮತ್ತೆ ಕುದಿಸಿದ್ದು ಎಂದೇ ಅರ್ಥ. ಬಡತನವು ಎರಡು ದೇಶಗಳಲ್ಲಿಯೂ ಒಂದೇ ಪಾಠವನ್ನು ಕಲಿಸಿದೆ.

ಆ ಪಾಠವನ್ನು ಆಹಾರಶಾಸ್ತ್ರವೂ ಒಪ್ಪುತ್ತದೆ. ಬಿ ವರ್ಗದ ಜೀವಸತ್ವಗಳೂ ಸಿ ಜೀವಸತ್ವವೂ ನೀರಿನಲ್ಲಿ ಕರಗತಕ್ಕವು. ಕಾವಿಗೆ ನಾಶವಾಗದೆ ಉಳಿದ ಅಂಶವು ಕಟ್ಟಿನಲ್ಲಿ ಇಳಿದಿರುತ್ತದೆ. ಕಟ್ಟನ್ನು ಚೆಲ್ಲಿದರೆ ಅದೂ ಹೋಯಿತು. ಬಡಿಸುವಾಗ ನಿಂಬೆಯ ರಸವನ್ನು ಹಿಂಡಿಕೊಂಡರೆ, ಕಾಳುಸೊಪ್ಪುಗಳಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಹೆಚ್ಚಾಗಿ ಹಿಡಿಯುತ್ತದೆ. ರಕ್ತಹೀನತೆಯಿಂದ ಬಳಲುವ ಬಾಲೆಯರೂ ಬಾಣಂತಿಯರೂ ಇರುವ ಮನೆಗೆ ಇದು ಸಣ್ಣ ಮಾತಲ್ಲ.

ಈಗ ನಷ್ಟವಾಗುತ್ತಿರುವುದು ಕಟ್ಟಿನ ನೀರೊಂದೇ ಅಲ್ಲ. ಮಳೆ ಬಿದ್ದ ಕೆಲವು ದಿನಗಳಲ್ಲಿ ಶೇಂಗಾ, ಸಜ್ಜೆಗಳ ಸಾಲಿನ ನಡುವೆ ಅಣ್ಣೆ, ಗೋಣಿ, ಕಿರಕಸಾಲೆ, ಹೊನಗೊನ್ನೆ, ಗಣಿಕೆ ಮೊದಲಾದ ಸೊಪ್ಪುಗಳು ತಾವಾಗಿಯೇ ಹುಟ್ಟುತ್ತವೆ. ಇವುಗಳನ್ನು ಕೂಡಿಸಿ ತಂದದ್ದೇ ಬೆರಕೆಸೊಪ್ಪು. ಯಾವುದನ್ನು ಎಳೆಯದಾಗಿ ಕೊಯ್ಯಬೇಕು, ಯಾವುದನ್ನು ಮುಟ್ಟಬಾರದು ಎಂಬ ವಿವೇಕವು ಅಜ್ಜಿಯರ ಕಣ್ಣಿನಲ್ಲಿಯೂ ಬೆರಳಿನಲ್ಲಿಯೂ ಇದೆ. ಪುಸ್ತಕದ ಚಿತ್ರವನ್ನು ನೋಡಿ ಮಾತ್ರ ಅದನ್ನು ಕಲಿಯುವುದು ಅಪಾಯಕರ. ಹೆಸರು ಮರೆತ ಸೊಪ್ಪು ಹೊಲದಲ್ಲಿ ಕಳೆಯೆನಿಸುತ್ತದೆ. ಕಳೆಯೆನಿಸಿದ ಬಳಿಕ ಔಷಧ ಸಿಂಪಡಿಸಿ ಅದನ್ನು ಕೊಲ್ಲುವುದು ಸುಲಭ. ಅಂಥ ಹೊಲದ ಸೊಪ್ಪು ಅಡಿಗೆಗೆ ಸಲ್ಲದು.

ಮುಂಗಾರಿನ ಒಂದು ಮುಂಜಾನೆ, ಮನೆಯ ಹಿರಿಯಳೊಡನೆ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಹೊಲದ ಬದುವಿಗೆ ಕಳುಹಿಸಿ, ಹತ್ತು ಸೊಪ್ಪಿನ ಹೆಸರನ್ನಾದರೂ ಕಲಿಸುವುದು ವಾಚಕರ ಕೈಯಲ್ಲಿರುವ ಕಾರ್ಯ. ಆ ಸೊಪ್ಪು ಮನೆಗೆ ಬಂದರೆ ಒಲೆಯ ಮೇಲೆ ಕಾಳು ಬೇಯುತ್ತಿರಲಿ. ಬಸಿಯುವಾಗ ಕಟ್ಟಿಗಾಗಿ ಕೆಳಗೊಂದು ಪಾತ್ರೆಯೂ ಇರಲಿ.