ಮೊದಲು ಒರೆಸು, ಆಮೇಲೆ ಹಚ್ಚು

ಚಳಿಗಾಲ ಬಂತೆಂದರೆ ಅರಿಜೋನಾದ ಪಶ್ಚಿಮ ಅಂಚಿನ ಪುಟ್ಟ ಊರು ಕ್ವಾರ್ಟ್ಸೈಟ್‌ಗೆ ಗಾಲಿಯ ಮೇಲಿನ ಮನೆಗಳು, ಅಂದರೆ ಆರ್‌ವಿಗಳು, ಸಾಲುಗಟ್ಟಿ ಬರುತ್ತವೆ. ಊರ ದಕ್ಷಿಣಕ್ಕೆ ಲಾ ಪೋಸಾ ಎಂಬ ಸರ್ಕಾರಿ ಬಯಲಿದೆ. ಪರವಾನಗಿ ಪಡೆದವರು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅಲ್ಲಿ ಬೀಡು ಬಿಡಬಹುದು. ನಾನೂ ನನ್ನ ಹೆಂಡತಿಯೂ ನಮ್ಮ ಆರ್‌ವಿಯನ್ನು ಅಲ್ಲಿ ನಿಲ್ಲಿಸಿಕೊಂಡಾಗ ಬೇರೆಯವರು ಬೆಟ್ಟ ಹತ್ತಲು ಹೋಗುತ್ತಾರೆ, ಸಂತೆ ಸುತ್ತುತ್ತಾರೆ. ನಾನು ಹಳೇ ಬನಿಯನ್ ಬಟ್ಟೆ, ಟೂತ್‌ಬ್ರಶ್ಶು, ಒಂದು ಸ್ಪ್ರೇ ಡಬ್ಬಿ ಹಿಡಿದು ಗಾಡಿಯ ಪಕ್ಕ ಕೂರುತ್ತೇನೆ. ಅದಕ್ಕಿಂತ ಹಿತವಾದ ಬೆಳಗು ನನಗಿಲ್ಲ.

ಇಲ್ಲಿನ ರಸ್ತೆಗಳಲ್ಲಿ ಇಂಥ ಗಾಡಿ ಸಾಮಾನ್ಯವಾಗಿ 8.5 ಅಡಿಗಿಂತ ಅಗಲ ಇರುವಂತಿಲ್ಲ. ಅಷ್ಟರಲ್ಲೇ ಅಡುಗೆ, ಊಟ, ನಿದ್ದೆ ಎಲ್ಲ ಆಗಬೇಕು. ಇಂಡಿಯಾನಾದ ನ್ಯೂಮಾರ್ ಕಂಪನಿ 1990ರಲ್ಲಿ ಈ ಇಕ್ಕಟ್ಟಿಗೊಂದು ದಾರಿ ತೋರಿಸಿತು. ಓಡುವಾಗ ಒಳಗೆ, ನಿಂತಾಗ ಹೊರಗೆ ಜಾರುವ ಕೋಣೆ, ಅದೇ ಸ್ಲೈಡ್-ಔಟ್. ಬಟನ್ ಒತ್ತಿದರೆ ಸೋಫಾ, ಮೇಜು, ಕಿಟಕಿ ಸಮೇತ ಇಡೀ ಗೋಡೆ ಹೊರಕ್ಕೆ ಸರಿಯುತ್ತದೆ. ಅಷ್ಟು ಭಾರವನ್ನು ಹೊತ್ತು ಸರಿಸುವುದು, ನಮ್ಮ ಗಾಡಿಯಲ್ಲಿ, ನೆಲದಡಿಯ ಹಲ್ಲುಪಟ್ಟಿ ಮತ್ತು ಅದಕ್ಕೆ ಕಚ್ಚಿಕೊಂಡು ತಿರುಗುವ ಸಣ್ಣ ಹಲ್ಲಿನ ಚಕ್ರ.

ನಮ್ಮೂರಿನಲ್ಲಿ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆಯನ್ನು ಕೈತುಂಬ ಮೆತ್ತುತ್ತಿದ್ದರು. ಆ ರೂಢಿ ಇಲ್ಲಿ ಸಲ್ಲದು. ಹಲ್ಲುಪಟ್ಟಿ ಬಯಲಿಗೆ ತೆರೆದೇ ಇರುತ್ತದೆ. ಜಿಡ್ಡು ಮೆತ್ತಿದರೆ ಮರುಭೂಮಿಯ ನುಣುಪು ಧೂಳು ಬಂದು ಅಂಟುತ್ತದೆ. ಎಣ್ಣೆ ಮರಳಿನ ಜೊತೆ ಸೇರಿ ಹಲ್ಲುಗಳನ್ನು ಉಜ್ಜಿ ಸವೆಸುತ್ತದೆ. ಅದಕ್ಕೇ ಬೇಕಾದದ್ದು ಡ್ರೈ ಲೂಬ್ರಿಕೆಂಟ್. ಸಿಂಪಡಿಸಿದ ಸ್ವಲ್ಪ ಹೊತ್ತಿಗೆ ಅದರ ದ್ರವ ಆರಿಹೋಗಿ ತೆಳ್ಳನೆಯ ಒಣ ಪದರವಷ್ಟೇ ಉಳಿಯುತ್ತದೆ. ಕೈಯಿಟ್ಟು ನೋಡಿದರೆ ಏನೂ ಹಚ್ಚಿದಂತೆ ಕಾಣದು, ಆದರೆ ಕೋಣೆ ಹಗುರಾಗಿ ಜಾರುತ್ತದೆ.

ಹಚ್ಚುವುದು ಕ್ಷಣದ ಕೆಲಸ, ಒರೆಸುವುದೇ ಬೆಳಗಿನ ಕೆಲಸ. ಗಾಡಿ ಮಟ್ಟಸವಾಗಿ ನಿಂತಿದೆಯೇ, ಬ್ಯಾಟರಿ ತುಂಬಿದೆಯೇ ನೋಡಿ ಕೋಣೆಯನ್ನು ಪೂರ್ತಿ ಹೊರಗೆ ತರುತ್ತೇವೆ. ಒಂದೊಂದು ಹಲ್ಲಿನ ಸಂದಿಯಿಂದಲೂ ಮಣ್ಣು, ಒಣಹುಲ್ಲು, ಸಣ್ಣ ಕಲ್ಲು ಬಿಡಿಸುತ್ತೇನೆ. ಲೋಹದ ಬಣ್ಣ ಕಂಡ ಮೇಲೆ ತೆಳುವಾಗಿ ಸ್ಪ್ರೇ. ಆಮೇಲೆ ಕೈ ದೂರವಿಟ್ಟುಕೊಂಡು, ಕೋಣೆಯನ್ನು ಒಳಗೂ ಹೊರಗೂ ಆಡಿಸುವುದು.

‘ರೀ, ಬಟನ್ ಬಿಡ್ಲಾ?’ ಎಂದು ಹೆಂಡತಿ ಒಳಗಿನಿಂದ ಕೇಳುತ್ತಾಳೆ.

‘ಬೇಡ, ಪೂರ್ತಿ ನಿಲ್ಲೋ ತನಕ ಒತ್ತಿರು’ ಎನ್ನುತ್ತೇನೆ.

ನನ್ನ ಕಿವಿ ಮಾತ್ರ ಮೋಟರಿನ ಮೇಲೆ. ಸದ್ದು ಮೊದಲಿಂದ ಕೊನೆಯವರೆಗೆ ಒಂದೇ ಸಮನಿದ್ದರೆ ಸರಿ. ನಡುವೆ ಎಲ್ಲೋ ದಪ್ಪವಾದರೆ ಅಲ್ಲಿ ಏನೋ ತಡೆಯುತ್ತಿದೆ, ಮತ್ತೆ ಬಗ್ಗಿ ನೋಡಬೇಕು.

ಕೋಣೆಯ ಸುತ್ತ ಇರುವ ರಬ್ಬರಿನ ಅಂಚಿಗೆ ಬೇರೆಯೇ ಉಪಚಾರ. ಮಳೆ, ಧೂಳು, ಇರುವೆಗಳನ್ನು ಹೊರಗೇ ತಡೆಯುವುದು ಅದೇ. ಅರಿಜೋನಾದ ಬಿಸಿಲಿಗೆ ಅದು ಒಣಗಿ ಬಿರಿಯುತ್ತದೆ. ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಹಾಳಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ರಬ್ಬರಿಗೆಂದೇ ಇರುವ ಕಂಡೀಷನರನ್ನು ಬೆರಳಿಂದ ಸವರುತ್ತಾ ಹೋದಂತೆ ಅದು ಮೆತ್ತಗಾಗುವುದು ಬೆರಳಿಗೇ ತಿಳಿಯುತ್ತದೆ.

ಬಯಲಿನಲ್ಲಿ ನೀರು ಅಳೆದು ಬಳಸುವಂಥದ್ದು. ಹಾಗಾಗಿ ಆನಿಂಗ್, ಅಂದರೆ ಗಾಡಿಯ ಬದಿಯಿಂದ ತೋಳುಗಳ ಮೇಲೆ ಚಾಚುವ ಬಟ್ಟೆಯ ಚಾವಣಿ, ತೊಳೆಯುವುದು ನಲ್ಲಿ ಇರುವ ಆರ್‌ವಿ ಪಾರ್ಕಿನಲ್ಲಿ. ನಮ್ಮದು ವಿನೈಲ್ ಬಟ್ಟೆ. ಬೂಷ್ಟು ಹಿಡಿಯುವುದು ಹೆಚ್ಚಾಗಿ ಅದರ ಮೇಲೆ ಕೂತ ಕೊಳೆಗೆ. ಸೌಮ್ಯವಾದ ಸೋಪಿನ ನೀರು ಹಾಕಿ, ಮೆತ್ತನೆ ಬ್ರಶ್ಶಿನಿಂದ ಉಜ್ಜಿ, ಹಾಗೇ ಸುತ್ತಿ ಕೆಲವು ನಿಮಿಷ ಬಿಡುತ್ತೇನೆ. ಸುತ್ತಿದಾಗ ಮೇಲ್ಮೈಯ ಸೋಪು ಕೆಳಮೈಗೂ ತಾಗುತ್ತದೆ, ಎರಡೂ ಬದಿಯ ಕೊಳೆ ಒಟ್ಟಿಗೆ ಸಡಿಲವಾಗುತ್ತದೆ. ಬಿಚ್ಚಿ, ಜಾಲಿಸಿ, ಪೂರ್ತಿ ಒಣಗಿದ ಮೇಲೆಯೇ ಮತ್ತೆ ಸುತ್ತುವುದು. ತೋಳುಗಳ ಕೀಲಿಗೂ ಅದೇ ಒಣ ಸ್ಪ್ರೇ. ಸುರುಳಿಯ ಕೊಳವೆಯೊಳಗಿನ ಬಿಗಿದ ಸ್ಪ್ರಿಂಗನ್ನು ಮಾತ್ರ ಮುಟ್ಟುವುದಿಲ್ಲ. ಬಿಚ್ಚಿಕೊಂಡರೆ ಕೈ ಮುರಿಯುವಷ್ಟು ಬಲ ಅದಕ್ಕಿದೆ, ಅದು ಪಳಗಿದ ಮೆಕ್ಯಾನಿಕ್ಕಿನ ಪಾಲು. ಮಳೆ ಸೂಚನೆ ಇದ್ದರೆ ಒಂದು ತೋಳು ತಗ್ಗಿಸಿ ನೀರು ಹರಿಯಲು ವಾಟ ಕೊಡುತ್ತೇನೆ; ಗಾಳಿ ಜೋರಾಗುವ ಮೊದಲೇ ಸುತ್ತಿಬಿಡುತ್ತೇನೆ.

ಈ ಕೆಲಸದಲ್ಲಿ ನಾನು ಕಲಿತದ್ದು ಹೆಚ್ಚು ಹಚ್ಚುವುದನ್ನಲ್ಲ, ಹೆಚ್ಚು ನೋಡುವುದನ್ನು. ಒರೆಸುವ ಕೈಗೆ ಸಡಿಲಾದ ಬೋಲ್ಟು, ಬಿರಿಯತೊಡಗಿದ ರಬ್ಬರು, ಓರೆಯಾದ ತೋಳು ಕೆಡುವ ಮೊದಲೇ ಸಿಗುತ್ತವೆ. ಬರೀ ಡಬ್ಬಿ ಒತ್ತುವವನಿಗೆ ಸಿಗುವುದಿಲ್ಲ. ಸೋಫಾ, ಕಿಟಕಿ, ಮೋಟರು ಕಂಪನಿಯವರು ಕೊಟ್ಟದ್ದು. ಅವೆಲ್ಲ ವರ್ಷವರ್ಷವೂ ತಡೆಯಿಲ್ಲದೆ ಜಾರುತ್ತಿದ್ದರೆ, ಅದು ಅಲ್ಲಿ ಬಾಳುವವರು ಕೊಟ್ಟದ್ದು.