ಪುಟ್ಟ ವಿಮಾನಕ್ಕೊಬ್ಬ ನಂಬಿಕಸ್ಥ ಮೆಕ್ಯಾನಿಕ್

ಅಮೆರಿಕಾದಲ್ಲಿ ನಾವು ನಾಲ್ವರು ಸೇರಿ ಒಂದು ಹಳೇ ಸೆಸ್ನಾ 172 ಇಟ್ಕೊಂಡಿದೀವಿ (ವಯಸ್ಸಲ್ಲಿ ನನಗಿಂತ ದೊಡ್ಡದು!). ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ ಆಗ್ಲೇಬೇಕು. ಲಾಗ್‌ಬುಕ್ಕಿಗೆ ಸಹಿ ಹಾಕೋದು ಮೆಕ್ಯಾನಿಕ್, ಆದ್ರೆ ವಿಮಾನ ಹಾರೋ ಸ್ಥಿತೀಲಿಡೋ ಹೊಣೆ ಕಾನೂನಿನ ಪ್ರಕಾರ ಮೊದಲು ಮಾಲೀಕಂದೇ.

ಮುಂಚೆ ಹೋಗ್ತಿದ್ದ ಶಾಪಿನವನು ಎರಡೇ ದಿನದಲ್ಲಿ ಮುಗಿಸ್ದ, ಅಗ್ಗಕ್ಕೆ. "ಆಯಿಲ್ ಫಿಲ್ಟರ್ ಕತ್ತರಿಸಿ ನೋಡಿದ್ರಾ?" ಅಂದೆ. "ಎಲ್ಲಾ ಸರಿಯಿದೆ" ಅಂದ. ನಾನು ಕೇಳಿದ್ದು ಅದಲ್ವಲ್ಲ ಸ್ವಾಮಿ! ಫಿಲ್ಟರಿನ ಮಡಿಕೇಲಿ ಲೋಹದ ಚೂರು ಮಿಂಚಿದ್ರೆ ಎಂಜಿನ್ ಒಳಗೆ ಏನೋ ಸವೀತಿದೆ ಅಂತರ್ಥ. ಇರೋದೊಂದೇ ಎಂಜಿನ್, ಪಕ್ಕದ ಸೀಟಲ್ಲಿ ಮಗಳು... ಬೇರೆ ಕಡೆ ಹುಡುಕಿದೆ.

ಈಗಿನವರು ವಯಸ್ಸಾದವರು, ಮಾತು ಕಮ್ಮಿ. ಮೊದಲು ಕೇಳಿದ್ದೇ ಹಳೇ ಲಾಗ್‌ಬುಕ್ಕುಗಳನ್ನ. ಕೂತು ಓದಿದ್ರು. ಆಮೇಲೆ ನನ್ನ ಕೈಗೇ ಸ್ಕ್ರೂಡ್ರೈವರ್ ಕೊಟ್ಟು ಮುಚ್ಚಳಗಳನ್ನ ಬಿಚ್ಚಿಸಿದ್ರು. ಮೂರನೇ ಸಿಲಿಂಡರಿನ ಕಂಪ್ರೆಷನ್ 80ಕ್ಕೆ 62 ಬಂತು. ಉಳಿದವು 75ರ ಆಸುಪಾಸು. ಬದಲಿಸ್ಬೇಕು, ಸಾವಿರಾರು ಡಾಲರ್ ಅಂತಾರೆ ಅಂದ್ಕೊಂಡೆ. ಅವರು ಎಕ್ಸಾಸ್ಟ್ ಕೊಳವೆಗೆ ಕಿವಿಯಿಟ್ಟು ಗಾಳಿ ಸೋರೋ ಸದ್ದು ಕೇಳಿದ್ರು, ಒಳಗೆ ಪುಟ್ಟ ಕ್ಯಾಮೆರಾ ತೂರಿಸಿ ವಾಲ್ವ್ ನೋಡಿದ್ರು, ನನಗೂ ತೋರಿಸಿದ್ರು. ಸುಟ್ಟ ಗುರುತಿಲ್ಲ. ಎಂಜಿನ್ ಓಡಿಸಿ ಬಿಸಿ ಮಾಡಿ ಮತ್ತೆ ಅಳೆದ್ರೆ 74!

"ಮುಂದಿನ ಸಲ ಆಯಿಲ್ ಬದಲಾಯಿಸುವಾಗ ಇನ್ನೊಮ್ಮೆ ನೋಡೋಣ" ಅಂತ ಬರೆದಿಟ್ರು. ಕತ್ತರಿಸಿದ ಫಿಲ್ಟರನ್ನೂ ಕವರಲ್ಲಿ ಹಾಕಿ ಕೊಟ್ರು. ಬಿಲ್ಲು ಮಾತ್ರ ಹಳೇ ಶಾಪಿಗಿಂತ ಜಾಸ್ತಿನೇ ಬಂತು ಬಿಡಿ.