ನನ್ನ ಕೆಲಸಕ್ಕೆ ಯಾವುದು ಸಾಕು?

2025ರ ನವರಾತ್ರಿಯ ದಿನಗಳು. ನೆರೆಮನೆಯ ಗೊಂಬೆ ನೋಡಿಕೊಂಡು ಬಂದು, ಸೆರಗಿನ ತುದಿಯಲ್ಲಿದ್ದ ಕಡಲೆಯುಸಲಿಯನ್ನು ಬಟ್ಟಲಿಗೆ ಹಾಕಿಟ್ಟು, ಟೈಪಿಂಗ್ ಕೆಲಸಕ್ಕೆ ಕುಳಿತೆ. ಲ್ಯಾಪ್‌ಟಾಪಿನ ತೆರೆಯ ಮೇಲೆ ಒಂದು ಸೂಚನೆ ಬಂತು. ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ನಿಲ್ಲುತ್ತದಂತೆ. ಉಸಲಿ ಗಂಟಲಲ್ಲೇ ನಿಂತಿತು.

ಮನೆಯಲ್ಲೇ ಕುಳಿತು ಕನ್ನಡ ಟೈಪ್ ಮಾಡಿಕೊಡುವುದು ನನ್ನ ಜೀವನೋಪಾಯ. ವಕೀಲರ ಅರ್ಜಿ, ಲೇಖಕರ ಹಸ್ತಪ್ರತಿ, ಮದುವೆಯ ಕರೆಯೋಲೆ ಎಲ್ಲ ಬರುತ್ತವೆ. ಪುಟಕ್ಕಿಷ್ಟು ಎಂದು ಲೆಕ್ಕ. ಈ ಲ್ಯಾಪ್‌ಟಾಪನ್ನು 2016ರಲ್ಲಿ ನಮ್ಮ ಯಜಮಾನರು ತಂದುಕೊಟ್ಟಿದ್ದರು. ಅವರಿರುವ ತನಕ ಅದಕ್ಕೆ ಬೇಕಾದದ್ದನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಈಗ ಅವರಿಲ್ಲ. ಏನು ಮಾಡಬೇಕೆಂದು ನಾನೇ ನಿರ್ಧರಿಸಬೇಕಾಗಿತ್ತು.

ಮಾರನೆಯ ದಿನವೇ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ಯಂತ್ರವನ್ನು ತೆರೆದೂ ನೋಡಲಿಲ್ಲ. "ಆಂಟಿ, ಇದು ವಿಂಡೋಸ್ 11 ತಗೊಳ್ಳಲ್ಲ. ಹೊಸದು ತಗೊಂಬಿಡಿ, ನಲವತ್ತೈದು ಸಾವಿರದಲ್ಲಿ ಒಳ್ಳೇದು ಬರುತ್ತೆ" ಎಂದ. ನಲವತ್ತೈದು ಸಾವಿರ! ನನ್ನ ಐದಾರು ತಿಂಗಳ ದುಡಿಮೆ.

ಬೆಂಗಳೂರಿನಲ್ಲಿ ವಿಡಿಯೋ ಸಂಕಲನದ ಕೆಲಸದಲ್ಲಿರುವ ಅಣ್ಣನ ಮಗನಿಗೆ ಫೋನ್ ಮಾಡಿದೆ. "ಅತ್ತೆ, ಮ್ಯಾಕ್ ತಗೊಳ್ಳಿ, ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ" ಎಂದ. ಪಕ್ಕದ ಮನೆಯ ರಾಯರು, "ಸುಮ್ನಿರೀಮ್ಮಾ, ಓಡೋ ತನಕ ಓಡ್ಲಿ" ಎಂದರು. ಎಂಜಿನಿಯರಿಂಗ್ ಓದುತ್ತಿರುವ ತಂಗಿಯ ಮಗಳು, "ದೊಡ್ಡಮ್ಮ, ಲಿನಕ್ಸ್ ಹಾಕೋಣ. ಒಂದು ಪೈಸೆ ಖರ್ಚಿಲ್ಲ" ಎಂದಳು. ನಾಲ್ವರು ನಾಲ್ಕು ದಿಕ್ಕು. ಆದರೆ ನಿನ್ನ ಕೆಲಸವೇನು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಮೊದಲು ಈ ಆಪರೇಟಿಂಗ್ ಸಿಸ್ಟಂ ಎಂದರೇನು ಎಂದು ತಂಗಿಯ ಮಗಳ ಹತ್ತಿರ ಕುಳಿತು ತಿಳಿದುಕೊಂಡೆ. ಲ್ಯಾಪ್‌ಟಾಪನ್ನು ಮನೆ ಎಂದುಕೊಂಡರೆ ಇದು ಮನೆಯೊಡತಿ. ಯಾವ ಡಬ್ಬ ಎಲ್ಲಿದೆ, ಬಂದವರಲ್ಲಿ ಯಾರನ್ನು ಒಳಗೆ ಬಿಡಬೇಕು, ಯಾರಿಗೆ ಯಾವ ಕೆಲಸ ಎಂಬುದೆಲ್ಲ ಇವಳ ಉಸ್ತುವಾರಿ. ಬೆಂಬಲ ನಿಂತರೆ ಯಂತ್ರವೇನೂ ನಿಂತುಹೋಗುವುದಿಲ್ಲ. ಬಾಗಿಲಿನಲ್ಲಿ ಹೊಸ ಬಿರುಕು ಕಂಡರೆ ಅದನ್ನು ಮುಚ್ಚಿಕೊಡುವವರು ಇರುವುದಿಲ್ಲ, ಅಷ್ಟೆ. ಆದರೆ ಬ್ಯಾಂಕಿನ ವ್ಯವಹಾರವನ್ನೂ ಅದರಲ್ಲೇ ಮಾಡುವವರಿಗೆ ಆ 'ಅಷ್ಟೆ' ಸಣ್ಣ ಮಾತಲ್ಲ. ಹಾಗಾಗಿ ರಾಯರ ಸಲಹೆ ಬಿಟ್ಟೆ. ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ರಕ್ಷಣೆ ವಿಸ್ತರಿಸಿಕೊಳ್ಳಲು ಕಂಪನಿ ಅವಕಾಶ ಕೊಟ್ಟಿತ್ತು. ಅದು ವಾಯಿದೆ ಪಡೆದ ಹಾಗೆಯೇ ಹೊರತು ಸಾಲ ತೀರಿದ ಹಾಗಲ್ಲ.

ಅಂಗಡಿಯ ಹುಡುಗ ಹೇಳಿದ್ದು ಸುಳ್ಳಲ್ಲ. ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು, ಜೊತೆಗೆ ಕಂಪನಿ ಒಪ್ಪಿದ ಪ್ರೊಸೆಸರ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ನಂತರದ್ದಾಗಿರಬೇಕು. ನನ್ನದು ಆರನೆಯದು. ಮ್ಯಾಕ್ ಎಂದರೆ ಆಪಲ್ ಯಂತ್ರವನ್ನೇ ಕೊಳ್ಳಬೇಕು. ಅಣ್ಣನ ಮಗನ ಕಸುಬಿಗೆ ಅದು ಸರಿ. ಕರೆಯೋಲೆ ಟೈಪ್ ಮಾಡುವ ನನಗೇಕೆ?

ಉಳಿದದ್ದು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು. ಮುಂದೆ ಲೋಕದ ನಾನಾ ಕಡೆಯವರು ಕೈಗೂಡಿಸಿ ಬೆಳೆಸಿದರು. ಪುಕ್ಕಟೆ ಎಂದರೆ ನಮಗೆ ಅನುಮಾನ ತಾನೇ? ನನಗೂ ಇತ್ತು. ಆದರೆ ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ, ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದೂ ಇದರಲ್ಲೇ ಎಂದು ತಿಳಿದಾಗ ಧೈರ್ಯ ಬಂತು.

ಆದರೂ ಅವಸರಪಡಲಿಲ್ಲ. ಹಳೆಯ ಡೈರಿ ತೆಗೆದು ಆ ಲ್ಯಾಪ್‌ಟಾಪಿನಲ್ಲಿ ನಾನು ಮಾಡುವ ಕೆಲಸಗಳನ್ನೆಲ್ಲ ಬರೆದೆ. ಬ್ಯಾಂಕು, ಇ-ಮೇಲ್, ಯೂನಿಕೋಡ್‌ನಲ್ಲಿ ಟೈಪಿಂಗ್, ಪ್ರಿಂಟ್ ತೆಗೆಯುವುದು, ಸ್ಕ್ಯಾನ್ ಮಾಡುವುದು, ಕೊನೆಗೆ ಮುದ್ರಣಾಲಯಕ್ಕೆ ಹಳೆಯ ನುಡಿ ಅಕ್ಷರದಲ್ಲಿ ಕಡತ ಕೊಡುವುದು. ತಂಗಿಯ ಮಗಳು ಲಿನಕ್ಸ್ ಮಿಂಟ್ ಎಂಬುದನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಬಂದಳು. ಯಂತ್ರದೊಳಗೆ ಏನನ್ನೂ ಅಳಿಸದೆ ಪೆನ್‌ಡ್ರೈವಿನಿಂದಲೇ ಅದನ್ನು ನಡೆಸಿ ನೋಡಬಹುದು. ಸೀರೆಯನ್ನು ಮೈಮೇಲೆ ಹೊದ್ದು ನೋಡಿ ಕೊಳ್ಳುವ ಹಾಗೆ.

ಡೈರಿ ಹಿಡಿದು ಒಂದೊಂದಾಗಿ ಪರೀಕ್ಷೆ ಮಾಡಿದೆವು. ಬ್ಯಾಂಕು, ಇ-ಮೇಲ್ ಸರಿ. ಕನ್ನಡಕ್ಕೆ ಒಂದು ಸಣ್ಣ ಜೋಡಣೆ ಸೇರಿಸಿಕೊಳ್ಳಬೇಕಾಯಿತು. ಆಮೇಲೆ ನುಡಿಯಲ್ಲಿ ನನಗೆ ರೂಢಿಯಾಗಿದ್ದ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯೇ ಸಿಕ್ಕಿತು. ಬೆರಳುಗಳು ತಮ್ಮಷ್ಟಕ್ಕೆ ಓಡಿದವು. ಆ ಹೊತ್ತಿನ ಸಂತೋಷ ಹೇಳತೀರದು. ಪ್ರಿಂಟರೂ ಒಪ್ಪಿತು. ಸ್ಕ್ಯಾನರ್ ಹಟ ಹಿಡಿಯಿತು, ಆ ಕೆಲಸ ಈಗ ಫೋನಿನಲ್ಲಿ.

ಮುಗ್ಗರಿಸಿದ್ದು ಕೊನೆಯ ಸಾಲಿನಲ್ಲಿ. ಹಳೆಯ ನುಡಿ ಕಡತವನ್ನು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಹಳೆಯ ವಿಧಾನದಲ್ಲಿ ಒಳಗೆ ಉಳಿಯುವುದು ಇಂಗ್ಲಿಷಿನ ಸಂಕೇತಗಳೇ. ಆ ಅಕ್ಷರಶೈಲಿ ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಬದಲಿಸುವ ಸಾಧನಗಳಿವೆ. ಆದರೆ ನಮ್ಮ ಮುದ್ರಣಾಲಯದವರಿಗೆ ಬೇಕಾದದ್ದು ಹಳೆಯದೇ. ನನ್ನಲ್ಲಿದ್ದ ನುಡಿ ತಂತ್ರಾಂಶವೋ ವಿಂಡೋಸ್‌ಗಾಗಿ ಮಾಡಿದ್ದು. ನನ್ನ ಸಂಪಾದನೆಯ ಅರ್ಧಪಾಲು ಬರುವುದೇ ಆ ಕೆಲಸದಿಂದ.

"ಎಲ್ಲಾ ಅಳಿಸಿ ಹೊಸದಾಗಿ ಹಾಕೋಣ ಅಂದ್ಕೊಂಡಿದ್ನಲ್ಲ ದೊಡ್ಡಮ್ಮ!" ಎಂದು ಹುಡುಗಿ ನಾಲಿಗೆ ಕಚ್ಚಿಕೊಂಡಳು. ಪರೀಕ್ಷೆ ಮಾಡದೆ ಹೂಂ ಅಂದಿದ್ದರೆ ನನ್ನ ಗತಿ?

ಕೊನೆಗೆ ಒಂದೇ ಮನೆಯಲ್ಲಿ ಎರಡು ಸಂಸಾರ ಹೂಡಿದೆವು. ಮೊದಲು ಎಲ್ಲ ಕಡತಗಳನ್ನೂ, ಯಜಮಾನರ ಫೋಟೋಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿ ಬೀರುವಿನಲ್ಲಿಟ್ಟೆ. ಆ ನಕಲುಗಳನ್ನು ತೆರೆದು ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಿನ ಕೆಲಸಕ್ಕೆ ಒಪ್ಪಿದ್ದು. ಹಳೆಯ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದ್ದಕ್ಕೆ ಮೂರೂವರೆ ಸಾವಿರ ಆಯಿತು. ಯಂತ್ರ ಹಚ್ಚಿದಾಗ ಯಾವುದು ಬೇಕೆಂದು ಅದೇ ಕೇಳುತ್ತದೆ. ಇಂಟರ್ನೆಟ್, ಬ್ಯಾಂಕು ಲಿನಕ್ಸಿನಲ್ಲಿ. ಮುದ್ರಣಾಲಯದ ಕೆಲಸ ಹಳೆಯ ವಿಂಡೋಸಿನಲ್ಲಿ. ಆ ಕಡೆಗೆ ಇಂಟರ್ನೆಟ್ಟಿಲ್ಲ, ಹೊರಗಿನವರ ಪೆನ್‌ಡ್ರೈವಿಗೂ ಪ್ರವೇಶವಿಲ್ಲ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬುದನ್ನು ಆರಿಸಿಟ್ಟರೆ ಅಲ್ಲಿನ ಕಡತವನ್ನು ಲಿನಕ್ಸಿನಿಂದ ತೊಂದರೆಯಿಲ್ಲದೆ ತೆಗೆದುಕೊಂಡು ಇ-ಮೇಲ್ ಮಾಡಬಹುದು.

ಎಲ್ಲರೂ ಹೀಗೇ ಮಾಡಿ ಎನ್ನುವುದಿಲ್ಲ. ಲೆಕ್ಕಪರಿಶೋಧಕರ ಕಚೇರಿಯಲ್ಲಿ ದುಡಿಯುವ ನನ್ನ ತಂಗಿ ಹೊಸ ಯಂತ್ರವನ್ನೂ ವಿಂಡೋಸ್ 11ನ್ನೂ ಕೊಂಡಳು. ಅವಳ ಕಚೇರಿಯ ತಂತ್ರಾಂಶವೆಲ್ಲ ಅದರಲ್ಲೇ ನಡೆಯುವುದು. ಅವಳಿಗೆ ಅದೇ ಸರಿ. ಆದರೆ ಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ನನ್ನ ಅನ್ನಕ್ಕೆ ದಾರಿಯಾಗಿರುವ ತಂತ್ರಾಂಶ ಯಾವುದರಲ್ಲಿ ನಡೆಯುತ್ತದೆ? ನನ್ನ ಯಂತ್ರ ಯಾವುದನ್ನು ತಡೆದೀತು? ರಕ್ಷಣೆ ಎಷ್ಟು ವರ್ಷ ಸಿಗುತ್ತದೆ? ಕೆಟ್ಟರೆ ಬಂದು ನೋಡುವವರು ನನ್ನೂರಿನಲ್ಲಿ ಯಾರಿದ್ದಾರೆ? ಈ ಕೊನೆಯದನ್ನು ಮರೆಯಬೇಡಿ. ನನಗೆ ತಂಗಿಯ ಮಗಳಿದ್ದಳು. ಅವಳಿಲ್ಲದಿದ್ದರೆ ನನ್ನ ಉತ್ತರವೇ ಬೇರೆಯಾಗುತ್ತಿತ್ತೋ ಏನೋ.

ಮೊನ್ನೆ ಅಂಗಡಿಯ ಹುಡುಗ ದಾರಿಯಲ್ಲಿ ಸಿಕ್ಕಿ, "ಆಂಟಿ, ಹೊಸದು ತಗೊಂಡ್ರಾ?" ಎಂದು ಕೇಳಿದ. "ಇಲ್ಲಪ್ಪ, ಹಳೇದನ್ನೇ ಸರಿಮಾಡಿಕೊಂಡೆ" ಎಂದೆ. "ಯಾರು ಹೇಳಿದ್ರು ಹಾಗೆ ಮಾಡಿ ಅಂತ?" ಎಂದ. ಹೇಳುವವರು ಇಲ್ಲದೆಯೂ ನಾನೇ ಒಂದು ತೀರ್ಮಾನಕ್ಕೆ ಬಂದಿದ್ದೆ ಎಂಬುದು ನನಗೆ ಹೊಳೆದದ್ದು ಆಗಲೇ.